ಬಿ ಖಾತೆ

ಎರಡು ಯಂತ್ರಗಳಿಗೆ ಪರಿಚಯ ಮಾಡಿಸುವುದು ನನ್ನ ಕೆಲಸ.
ಈ ಕಡೆ ಗುರುತುಗಳ ಕಣಜ: ಯಾರು ಸೇರಿದರು, ಯಾರು ಬಿಟ್ಟರು,
ಯಾರಿಗೆ ಬಡ್ತಿ, ಯಾರಿಗೆ ಹೆರಿಗೆ ರಜೆ.
ಆ ಕಡೆ ಪೀಣ್ಯ ಎರಡನೇ ಹಂತ, ಪಂಪು ಕಾರ್ಖಾನೆಯ ಗೋದಾಮು,
ಅದರ ಹದಿನಾಲ್ಕು ವರ್ಷ ಹಳೆಯ ಸಾಫ್ಟ್‌ವೇರು.
ವಠಾರದ ಓನರಮ್ಮನ ಹಾಗೆ,
ಯಾರು, ಎಲ್ಲಿಯವರು, ಎಷ್ಟು ಜನ ಎಂದು ಕೇಳದೆ
ಕದ ತೆರೆಯದು.

ನಡುವೆ ನಾನು, ದಲ್ಲಾಳಿ.
ಇದರ ನೌಕರ ಸಂಖ್ಯೆಯನ್ನು ಅದರ ಲಾಗಿನ್ನಿಗೆ,
ಇದರ ವಿಭಾಗವನ್ನು ಅದರ ಅಧಿಕಾರಕ್ಕೆ,
ಜಾತಕ ಕೂಡಿಸಿದ ಹಾಗೆ ಒಂದೊಂದೇ ಕಾಲಂ ಕೂಡಿಸುತ್ತೇನೆ.
ಕೊನೆಯ ಹೆಸರು ಕಡ್ಡಾಯ, ಅನ್ನುತ್ತದೆ ಗೋದಾಮು.
ಇಲ್ಲಿ ಅರ್ಧ ಜನಕ್ಕೆ ಇರುವುದು ಒಂದೇ ಹೆಸರು,
ಅದರ ಪಕ್ಕ ಒಂದಕ್ಷರ, ಅದೂ ಅಪ್ಪನದೋ ಊರಿನದೋ.
ಚುಕ್ಕಿಯಿಟ್ಟು ಕಳಿಸುತ್ತೇನೆ.
ಸಂಬಳದ ಚೀಟಿಯಲ್ಲಿ ನಾನೂ ಸುಕನ್ಯಾ ಚುಕ್ಕಿ.
ಹಣೆಗೆ ಇಡಲು ಮರೆತ ದಿನವೂ
ಅದೊಂದು ತಪ್ಪುವುದಿಲ್ಲ.

ಶುಕ್ರವಾರ ರಾತ್ರಿ ಮೊದಲ ತಾಳೆ.
ಮುನ್ನೂರ ಹನ್ನೆರಡು ಜನ ಸರಿಯಾಗಿ ಸಿಕ್ಕರು.
ಒಬ್ಬ ರಂಗಧಾಮಯ್ಯ ಎರಡು ಸಲ ಹುಟ್ಟಿದ್ದ, ತಿದ್ದಿದೆ.
ಉಳಿದದ್ದು ಒಂದು:
ಎಸ್. ಮುನಿವೆಂಕಟಪ್ಪ, ಸ್ಟೋರ್ ಕೀಪರ್.
ಕಣಜದಲ್ಲಿ ಇಲ್ಲ.
ತೀರಿಕೊಂಡು ಮೂರು ವರ್ಷ ಆಯ್ತಲ್ಲ, ಎಂದರು ಫೋನಿನಲ್ಲಿ.
ಆದರೆ ದಿನಾ ಬೆಳಗ್ಗೆ ಆರು ಹತ್ತಕ್ಕೆ ಒಳಗೆ ಬರುತ್ತಾರೆ,
ಇಂಪೆಲ್ಲರ್ ಎಣಿಸುತ್ತಾರೆ, ವಾಷರು ಬರೆದುಕೊಳ್ಳುತ್ತಾರೆ,
ಎರಡಕ್ಕೆ ಹೋಗಿ ಎರಡೂ ಐದಕ್ಕೆ ಮರಳುತ್ತಾರೆ,
ಭಾನುವಾರವೂ, ರಾತ್ರಿ ಪಾಳಿಯೂ.
ಇದ್ದಾಗ ಇಷ್ಟು ದುಡಿದಿರಲಾರರು.

ನಮ್ಮ ಭಾಷೆಯಲ್ಲಿ ಇದು ಅನಾಥ ಖಾತೆ.
ವಾರಸುದಾರರಿಲ್ಲ, ಮುಚ್ಚಬಹುದು.
ಖಾತೆ ಅಂದರೆ ಈ ಊರಲ್ಲಿ ಎದೆ ಹೊಡೆದುಕೊಳ್ಳುವ ಮಾತು,
ಎ ಖಾತೆಯೋ, ಬಿ ಖಾತೆಯೋ?
ಅಬ್ಬಿಗೆರೆಯ ನಮ್ಮ ಮನೆಯದೂ ಬಿ.
ಕರೆಂಟಿದೆ, ತೆರಿಗೆ ಕಟ್ಟಿದ ರಸೀದಿಯಿದೆ,
ಮಹಡಿ ಮೇಲೆ ಒಂದು ದಾಸವಾಳವಿದೆ,
ಮನೆ ಇದೆಯೆಂದು ಮಾತ್ರ
ಯಾರೂ ಪೂರ್ತಿ ಒಪ್ಪಿಲ್ಲ.

ಸೋಮವಾರ ಕತ್ತಲಲ್ಲೇ ಮೆಟ್ರೋ ಹಿಡಿದು ಹೋದೆ.
ಗ್ರೀಸಿನ ವಾಸನೆ, ಮೂಲೆಯಲ್ಲೊಂದು ಕಂಪ್ಯೂಟರು,
ಪ್ಲಾಸ್ಟಿಕ್ ಹೊದ್ದ ಕೀಲಿಮಣೆ, ಎಂ ಅಕ್ಷರ ಸವೆದಿದೆ.
ಆರು ಹತ್ತಕ್ಕೆ ಮುನಿವೆಂಕಟಪ್ಪ ಬಂದರು:
ಲೂರ್ದ್ ಮೇರಿ, ಗ್ಲೌಸು ಕಳಚುತ್ತ.
ಎರಡೂ ಐದಕ್ಕೆ ಜಬೀನಾ.
ರಾತ್ರಿಯವನು ಹಾಲೇಶನಂತೆ, ನಾನು ನೋಡಲಿಲ್ಲ.
ಗುತ್ತಿಗೆಯವರು. ಅವರಿರುವುದು ಗೇಟಿನ ರಿಜಿಸ್ಟರಿನಲ್ಲಿ,
ಕಂಟ್ರಾಕ್ಟರನ ಡೈರಿಯಲ್ಲಿ.

"ಪಾಸ್‌ವರ್ಡು ಅವರೇ ಕೊಟ್ಟಿದ್ದು ಮೇಡಂ," ಅಂದಳು ಮೇರಿ,
"ಆಸ್ಪತ್ರೆಗೆ ಹೋಗೋ ಹಿಂದಿನ ದಿನ.
ಲೆಕ್ಕ ನಿಲ್ಲಬಾರದು ಅಂದ್ರು.
ಮೂರು ತಿಂಗಳಿಗೊಂದ್ಸಲ ಬದಲಾಯಿಸು ಅನ್ನುತ್ತೆ,
ಕೊನೇಲಿ ಒಂದು ಅಂಕಿ ಏರಿಸ್ತೀವಿ. ಈಗ ಹನ್ನೆರಡು."
ವರ್ಷಕ್ಕೆ ನಾಲ್ಕು ತಿಥಿ.
ಹೊಟ್ಟೆಯಲ್ಲಿ ಹುಟ್ಟಿದವರೂ ಇಷ್ಟು ತಪ್ಪದೆ ಮಾಡರು.
"ಅವರ ಹೆಸರಲ್ಲಿ ತಪ್ಪು ಬರೀಬಾರದಲ್ಲ,
ಎಲ್ಲಾ ಎರಡೆರಡು ಸಲ ಎಣಿಸ್ತೀವಿ."

ನಮಗೂ ಒಂದೊಂದು ಮಾಡಿಕೊಡ್ತೀರಾ, ಕೇಳಿದಳು ಜಬೀನಾ.
ಪಟ್ಟಿಯಲ್ಲಿದ್ದರೆ ತಾನೇ ಆಗುತ್ತೆ, ಕ್ಷಣದಲ್ಲಿ, ಅಂದೆ.
ಪಟ್ಟಿಗೆ ಸೇರೋದು?
ಅದಕ್ಕೆ ತಂತಿ ಎಳೆಯುವುದು ನನಗೆ ಬರುವುದಿಲ್ಲ.

ಮನೆಗೆ ಬಂದು ಲ್ಯಾಪ್‌ಟಾಪು ತೆರೆದೆ.
ಇವತ್ತು ಮಧ್ಯರಾತ್ರಿಗೆ ನಿಷ್ಕ್ರಿಯ, ಎಂದಿತ್ತು ಅವರ ಹೆಸರಿನ ಎದುರು.
ಮುಂದೂಡು, ಒತ್ತಿದೆ.
ಕಾರಣ ಕಡ್ಡಾಯ.
ಲೆಕ್ಕ ನಿಲ್ಲಬಾರದು, ಎಂದು ಬರೆದೆ.
ಇಪ್ಪತ್ತು ಅಕ್ಷರವಾದರೂ ಬೇಕು, ಎಂದಿತು.
ಉಳಿದ ಜಾಗಕ್ಕೆಲ್ಲ ಚುಕ್ಕಿಯಿಟ್ಟೆ.
ಒಪ್ಪಿತು. ಮೂವತ್ತು ದಿನ ಕೊಟ್ಟಿದೆ.

ಹದಿಮೂರನೇ ಅಂಕಿಗೆ ಇನ್ನೂ ನಲವತ್ತೊಂದಿದೆ.