ಪಟ್ಟು

ವರ್ಕ್ಸ್‌ವರ್ತಿನ ಚಾಪೆಲ್ಲಿನಲ್ಲಿ
ಎಡಗಡೆ ಮೂರನೇ ಬೆಂಚಿನ ಮುಂದೆ
ನೆಲದ ಮೇಲೊಂದು ಬಾತುಕೋಳಿ ಇತ್ತು.

ಯಾರ ಕಲೆಯೂ ಅಲ್ಲ, ಬರೀ ಕಲೆ.
ಸೀಮೆಎಣ್ಣೆಯ ಹೀಟರು ಚಳಿಗಾಲವಿಡೀ ಗುಟ್ಟಾಗಿ ಸೋರಿ,
ಸುಣ್ಣಕಲ್ಲು ಗುಟ್ಟಾಗಿ ಕುಡಿದು,
ವಸಂತದಲ್ಲಿ ಹೀಟರು ಸರಿಸಿದಾಗ
ಕೊಕ್ಕು ಬಾಗಿಲ ಕಡೆ, ಬಾಲ ಪೀಠದ ಕಡೆ.

ಎನಿಡ್ ಆಲ್ಸಪ್ ಬೀಗದ ಗೊಂಚಲು ಹಿಡಿದು ನಿಂತಿದ್ದಳು.
"ಜೂನಿಗೆ ಚಾಪೆಲ್ಲಿಗೆ ನೂರೈವತ್ತು ತುಂಬುತ್ತದೆ.
ಅಷ್ಟರೊಳಗೆ ಇದು ಹೋಗಬೇಕು.
ವಿನೆಗರ್ ಹಾಕಿ ತಿಕ್ಕಿದೆ, ಜಗ್ಗಲಿಲ್ಲ."

ನೋಡಿದೆ. ರೆಕ್ಕೆಯ ಮೇಲೆ ಹೊಳಪು ಸತ್ತಿತ್ತು.
ಹಿತ್ತಾಳೆ ಚೊಂಬಿಗೆ ಹುಣಸೆಹಣ್ಣು ತಿಕ್ಕಿ ಬೆಳೆದ ಕೈ ನನ್ನದೂ,
ಬೈಯಲು ಬಾಯಿ ಬರಲಿಲ್ಲ.
ಹುಳಿ ಕಲೆಯನ್ನಲ್ಲ, ಕಲ್ಲನ್ನೇ ತಿನ್ನುತ್ತದೆ
ಎಂದಷ್ಟೇ ಹೇಳಿ ಮೊಣಕಾಲೂರಿದೆ.

ಚೀನಾ ಮಣ್ಣು ಒಂದು ಡಬ್ಬಿ. ಅಸಿಟೋನು ಅರ್ಧ ಬಾಟಲಿ.
ದೋಸೆ ಹಿಟ್ಟಿಗಿಂತ ಗಟ್ಟಿ, ರೊಟ್ಟಿ ಹಿಟ್ಟಿಗಿಂತ ಸಡಿಲ,
ವಡೆ ತಟ್ಟುವ ಹದ.
ಕಾಲಿಂಚು ದಪ್ಪ, ಕಲೆಯ ಗೆರೆಗಿಂತ ಒಂದಿಂಚು ಆಚೆ
ಮರದ ಚಮಚದಲ್ಲಿ ಸವರಿ,
ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಟೇಪು.
ಕಿಟಕಿ ತೆರೆದಿಡಿ ಎಂದೆ. ಮೇ ತಿಂಗಳ ಗಾಳಿ
ಸ್ತೋತ್ರ ಪುಸ್ತಕಗಳ ಹಾಳೆ ತಿರುವಿತು.

ಶಹಾಬಾದಿನಲ್ಲಿ ನನ್ನ ಮೊಣಕಾಲಿಗೆ ಕುರು ಎದ್ದಾಗ
ಓಣಿಯ ಗುರುಸಿದ್ದವ್ವ ಅಗಸಿ ಹಿಟ್ಟು ಕುದಿಸಿ
ಬಿಸಿಬಿಸಿ ಪಟ್ಟು ಹಾಕಿದ್ದಳು.
ನಾನು ಕಿರುಚಿದೆ, ಅವಳು ಎಲೆ ಅಡಿಕೆ ಜಗಿದಳು.
ಫರ್ಸಿ ಪಾಲೀಶಿನ ಕೆಲಸ ಮುಗಿಸಿ ಬಂದ ಅಪ್ಪ,
ಹುಬ್ಬಿನ ತನಕ ಕಲ್ಲಿನ ಪುಡಿ, ಬಾಗಿಲಲ್ಲೇ ನಿಂತು ಅಂದ:
"ಒಳಗಿಂದು ಹೊರಗ ಬರಬೇಕಂದ್ರ
ಅದಕ್ಕ ಹೋಗಾಕ ಇನ್ನೊಂದು ಜಾಗ ತೋರಸ್ಬೇಕವ್ವಾ,
ಬರೇ ನೂಕಿದ್ರ ಇನ್ನಾ ಒಳಗ ಹೋಗತೈತಿ."

ಅವನು ಹೇಳಿದ್ದು ಕುರುವಿನ ಮಾತೋ ಕಲ್ಲಿನ ಮಾತೋ
ಆಗ ಕೇಳಲಿಲ್ಲ.

ಎರಡು ದಿನ ಬಿಟ್ಟು ಹಾಳೆ ತೆಗೆದೆ.
ಇನ್ನೊಂದು ದಿನ ಸುಮ್ಮನೆ ಒಣಗಲು ಬಿಟ್ಟೆ.
ಕೆಲಸ ನಡೆಯುವುದೇ ಆ ಸುಮ್ಮನೆಯಲ್ಲಿ.
ಮಣ್ಣು ಒಣಗುತ್ತ ಒಣಗುತ್ತ ದಾಹಗೊಂಡು
ಕಲ್ಲಿನ ಗಂಟಲಿಗೆ ಬಾಯಿಟ್ಟು ಹೀರುತ್ತದೆ.
ಬಿರುಕುಬಿಟ್ಟ ಹೆಕ್ಕಳೆ ಕೆತ್ತಿ ಮಗುಚಿದರೆ
ಒಳಮೈ ಹಳದಿ, ಮೂಗಿಗೆ ಸೀಮೆಎಣ್ಣೆ.
ನೆಲದ ಬಾತುಕೋಳಿ ಮಾತ್ರ ಅಲ್ಲೇ,
ಚೂರು ಬಡವಾಗಿ.

ಮತ್ತೆ ಪಟ್ಟು. ಮತ್ತೆ.
ಪಟ್ಟು ಹಾಕುವುದಕ್ಕೂ ಪಟ್ಟು ಹಿಡಿಯುವುದಕ್ಕೂ
ಒಂದೇ ಮಾತು ಇಟ್ಟವರು ಯಾರೋ,
ಅವರ ಮೊಣಕಾಲೂ ನೆಲ ಕಂಡಿರಬೇಕು.
ಕೆಲಸ ಮೂರು ಪಟ್ಟಾಯಿತು, ಕೂಲಿ ಮಾತ್ರ ಮೊದಲು ಹೇಳಿದ್ದೇ.

ಹದಿಮೂರನೇ ದಿನ ತೊಳೆದು ಒರೆಸಿ
ವಿನೆಗರಿನ ಗಾಯಕ್ಕೆ ಸಣ್ಣಗೆ ಪಾಲೀಶು ಕೊಟ್ಟು
ಎದ್ದು ನಿಂತೆ.

ಎಣ್ಣೆ ಹೋಗಿತ್ತು.
ಎಣ್ಣೆಯ ಜೊತೆ ನೂರೈವತ್ತು ವರ್ಷದ ಚಪ್ಪಲಿ ಧೂಳು,
ಮೇಣದ ಹೊಗೆ, ಒದ್ದೆ ಕೊಡೆಗಳ ಹನಿ,
ಎಲ್ಲವೂ ಹೋಗಿತ್ತು, ಅಷ್ಟೇ ಜಾಗದಲ್ಲಿ.
ಬೂದು ನೆಲದ ನಡುವೆ, ನಾನು ಬಿಟ್ಟ ಒಂದಿಂಚಿನಷ್ಟು
ಮೈತುಂಬಿಕೊಂಡು,
ಬೆಳ್ಳಗೆ, ಈಗಷ್ಟೇ ಕೆರೆಯಿಂದ ಎದ್ದ ಹಾಗೆ
ಅದೇ ಬಾತುಕೋಳಿ.

ಎನಿಡ್ ಬಹಳ ಹೊತ್ತು ನೋಡಿದಳು.
ಬೀಗದ ಗೊಂಚಲು ಒಂದು ಕೈಯಿಂದ ಇನ್ನೊಂದಕ್ಕೆ ಹೋಯಿತು.
"ಉಳಿದ ನೆಲಕ್ಕೆ ಎಷ್ಟಾಗುತ್ತದೆ?"
ಎಣಿಸಿದೆ. ನೂರಾ ಹನ್ನೆರಡು ಹಾಸುಗಲ್ಲು.
ಹೇಳಿದೆ. ಅವಳು ನಕ್ಕು ಕೆಮ್ಮಿದಳು.

ಭಾನುವಾರದ ಪಾಠಕ್ಕೆ ಬಂದ ಮಕ್ಕಳು
ಮೊದಲಿನಂತೆಯೇ ಅದನ್ನು ತುಳಿಯದೆ
ಸುತ್ತಿ ಹೋದರಂತೆ.
ಒಬ್ಬ ಹುಡುಗ ಮಾತ್ರ ಬಗ್ಗಿ ಮುಟ್ಟಿ
ಬೆರಳು ಮೂಸಿದನಂತೆ.