ಶ್ರುತಿ ಕೂಡಿಸುವವಳ ಕಾರು

ನಮ್ಮ ನೆಬ್ರಾಸ್ಕಾದಲ್ಲಿ ಗಾಳಿಗೆ ರಜೆಯಿಲ್ಲ.
ಜೋಳ ಕೊಯ್ದ ಕೂಳೆಯ ಮೇಲೆ
ಪಡುವಣದಿಂದ ಹೊರಟಿತೆಂದರೆ
ನನ್ನ ಬಂಕಿನ ತಗಡಿನ ಬೋರ್ಡಿಗೇ ಮೊದಲ ಡಿಕ್ಕಿ.

ವರ್ನಾ ಕುಚೆರಾ ಪ್ರತಿ ಸೋಮವಾರ ಬರುತ್ತಿದ್ದಳು.
ಆರು ಕೌಂಟಿಗಳ ಚರ್ಚುಗಳಲ್ಲಿ, ಶಾಲೆಗಳಲ್ಲಿ,
ಯಾರೂ ನುಡಿಸದ ಮನೆಗಳಲ್ಲಿ
ಪಿಯಾನೋಗಳ ಶ್ರುತಿ ಕೂಡಿಸುವ ಕೆಲಸ ಅವಳದು.
ಟ್ಯಾಂಕು ತುಂಬುವಷ್ಟು ಹೊತ್ತು ಮಾತು:
ಯಾವ ಪಾದ್ರಿಯ ಪಿಯಾನೋದೊಳಗೆ ಇಲಿ ಮರಿ ಹಾಕಿತು,
ಯಾವ ಮಂದ್ರದ ತಂತಿ ಚಳಿಗೆ ಪಟ್ಟೆಂದಿತು.

ಒಂದು ದಿನ ಅಂದಳು, 'ಎಮಿಲ್,
ನನ್ನ ದುಡಿಮೆಯ ಮೂರರಲ್ಲೊಂದು ಪಾಲು ನಿನ್ನ ಪಂಪಿಗೆ.
ಎಂಜಿನ್ನನ್ನು ಬೈದು ಫಲವಿಲ್ಲ.
ಗಾಳಿಗೆ ಗುದ್ದಿ ಮೈ ನೋಯಿಸಿಕೊಳ್ಳುತ್ತೆ ನೋಡು
ಇಡೀ ದಿನ, ಈ ಸಿವಿಕ್ಕು.'

ಆಮೇಲೆ ಶುರು.
ಮುಂದಿನ ಜಾಲರಿಗೆ ರಟ್ಟು, ರಟ್ಟಿಗೆ ಬೆಳ್ಳಿಬಣ್ಣದ ಟೇಪು.
ಬಲಗಡೆಯ ಕನ್ನಡಿ ಬಿಚ್ಚಿದಳು;
ಅರವತ್ತು ದಾಟಿದರೆ ಅಪಸ್ವರದಲ್ಲಿ ಸಿಳ್ಳೆ ಹಾಕುತ್ತಿತ್ತಂತೆ,
ನನಗೆಂದೂ ಕೇಳಿಸಿರಲಿಲ್ಲ.
ಹಿಂಚಕ್ರಗಳಿಗೆ ಅಲ್ಯೂಮಿನಿಯಂ ಲಂಗ.
ಸ್ಟೆಪ್ನಿ, ಜಾಕು, ಹಿಂದಿನ ಸೀಟು ಎಲ್ಲ ಮನೆಯಲ್ಲೇ.
ಡಿಕ್ಕಿಯ ಆಚೆಗೆ, ಮೀನಿನ ಬಾಲದ ಹಾಗೆ
ಸಣ್ಣಗಾಗುತ್ತ ಹೋಗುವ ಪ್ಲೈವುಡ್ಡಿನ ಗೂಡು:
'ಗಾಳಿ ಸೀಳೋದು ಸುಲಭ,
ಹಿಂದೆ ಮತ್ತೆ ಹೊಲಿಯೋದೇ ಕಷ್ಟ.'

ಊರ ಹುಡುಗರು ಶವಪೆಟ್ಟಿಗೆ ಎಂದು ಹೆಸರಿಟ್ಟರು.
ಪೊಲೀಸು ಎರಡು ಸಲ ನಿಲ್ಲಿಸಿದ,
ಎರಡನೇ ಸಲ ಅಳತೆ ಬರೆದುಕೊಂಡು ಹೋದ,
ತನ್ನ ಕಾರಿಗೆ.

ಹೊಟ್ಟೆ ಮುಚ್ಚಲು ಹಗುರದ ಹಾಳೆ ಬೇಕಿತ್ತು.
ನನ್ನ ಹಿತ್ತಲಲ್ಲಿದ್ದವು ನೂರಾ ನಲವತ್ತು ಪ್ಲಾಸ್ಟಿಕ್ ಫಲಕ,
ಕೌಂಟಿ ಕಮಿಷನರ್ ಸ್ಥಾನಕ್ಕೆ ಡ್ವೊರಾಚೆಕ್.
ಮೂವತ್ತೊಂದು ಮತದಲ್ಲಿ ಬಿದ್ದವನು ನಾನು.
ಸುಡಲು ಮನಸ್ಸಿಲ್ಲ, ನೋಡಲು ಮುಖವಿಲ್ಲ.
'ಒಂಬತ್ತು ಸಾಕು' ಎಂದು ಎಣಿಸಿ ಒಯ್ದಳು.

ಗ್ಯಾಲನ್ನಿಗೆ ಮೂವತ್ತೈದು ಇದ್ದದ್ದು ಐವತ್ತಾಯಿತು,
ಅರವತ್ತಾರಾಯಿತು.
ಲೆಕ್ಕದ ಪುಸ್ತಕವನ್ನು ಕಿಟಕಿಗೆ ಒತ್ತಿ ತೋರಿಸುತ್ತಿದ್ದಳು.
ಭೇಷ್ ಎಂದೆ, ಮನಸಾರೆ ಎಂದೆ.
ಮೊದಲು ಒಂದು ಸೋಮವಾರ ತಪ್ಪಿತು,
ಆಮೇಲೆ ಒಂದು ಬಿಟ್ಟು ಒಂದು.
ಇಲಿಮರಿಗಳು ಏನಾದವೋ ಗೊತ್ತಾಗಲಿಲ್ಲ.

ನಿನ್ನೆ ಬಂದಳು.
ಧಾನ್ಯದ ಗೋಪುರದ ಇಳಿಜಾರಿನಲ್ಲೇ ಎಂಜಿನ್ ಆರಿಸಿ
ತೇಲುತ್ತ ಬಂದು ಪಂಪಿನೆದುರು ನಿಂತಳು,
ಒಂದಂಗುಲ ಆಚೀಚೆ ಇಲ್ಲ.
ಮುಚ್ಚಳ ಕೈಜಾರಿ ಉರುಳಿತು, ಹುಡುಕಲು ಬಗ್ಗಿದೆ.
ಕಾರಿನಡಿ ನನ್ನ ಹೆಸರು ಬೋರಲಾಗಿ,
ಟಾರು ಮೆತ್ತಿ, ಮೊದಲೆರಡು ಅಕ್ಷರ ಸವೆದು,
ತಿರುಪಿಗೆ ಸಿಕ್ಕಿದ ಒಂದು ಕಾಡುಕೋಳಿಯ ಗರಿ.
ಒಂದು ಕೌಂಟಿ ಒಲ್ಲದ ಹೆಸರು
ಆರು ಕೌಂಟಿ ಸುತ್ತಿದೆ, ಗಾಳಿಗೆ ತೊಡಕಾಗದೆ.

ಎದ್ದವನು ನಳಿಕೆಯ ಕೊಕ್ಕೆಯನ್ನು
ಎಲ್ಲಕ್ಕಿಂತ ನಿಧಾನದ ಹಲ್ಲಿಗೆ ಸಿಕ್ಕಿಸಿದೆ.
ಅವಳು ತಲೆ ವಾಲಿಸಿ ಆಲಿಸಿದಳು.
'ಎಮಿಲ್, ನಿನ್ನ ಪಂಪು ಅರ್ಧ ಸ್ವರ ಇಳಿದಿದೆ.'
'ಹಳೇದಲ್ವಾ' ಎಂದೆ.
'ಅದಿರಲಿ,
ಆ ಪಾದ್ರಿಯ ಇಲಿಗಳು ಏನಾದವು?'