ಸಾಲು ಹದಿನೇಳು

ಮಸೇರುವಿನ ಕಚೇರಿ, ಮಾರ್ಚಿಯ ಕೊನೆಯ ವಾರ.
ಆಯವ್ಯಯದ ಹಾಳೆಯ ತಳದಲ್ಲಿ
ಒಂದು ಸಾಲು ಕಂಡು ನಕ್ಕಿದ್ದೆ:
ಕುದುರೆ ಬಾಡಿಗೆ, ಎರಡು, ಹನ್ನೊಂದು ದಿನ;
ಕುದುರೆಯವನ ಊಟ ಸೇರಿ.

ಕಡಲು ದಾಟಿ ಬರುವ ದುಡ್ಡು ಇದು, ಪುಸೆಲೆಟ್ಸೊ,
ಕುದುರೆ ರಸೀದಿ ಕೊಡುತ್ತದೆಯೇ?
ಹೊಡೆದುಹಾಕಿದೆ.
ಕೆಂಪು ಶಾಯಿಯಲ್ಲಲ್ಲ, ಪೆನ್ಸಿಲಿನಲ್ಲಿ. ನಾನು ಮೆತ್ತಗಿನ ಮನುಷ್ಯ.

ನಲ್ಲಿಗೆ ದುಡ್ಡಿತ್ತು. ನೂರ ನಲವತ್ತು ನಲ್ಲಿ.
ಕೊಳವೆಗೆ, ಸಿಮೆಂಟಿಗೆ,
ಉದ್ಘಾಟನೆಗೆ ಕೊಯ್ದ ಎತ್ತಿಗೆ,
ದಾನಿಗಳ ಹೆಸರು ಕೆತ್ತಿದ ಹಿತ್ತಾಳೆ ಫಲಕಕ್ಕೆ.
ನೋಡಿ ಬರುವ ಕಣ್ಣಿಗೆ ಮಾತ್ರ
ಮಿಕ್ಕಿದರೆ ಕೊಡೋಣ ಎಂದಿತ್ತು.
ಔತಣದ ಮನೆಯಲ್ಲಿ ಮಾಂಸ ಮಿಕ್ಕೀತೇ?

ಜುಲೈಯಲ್ಲಿ ಅವಳು ಜೀಪಿನಲ್ಲಿ ಹೋದಳು.
ಹಿಮ ಬಿದ್ದಿತ್ತು. ರಸ್ತೆ ಇದ್ದಷ್ಟು ದೂರ ನಲ್ಲಿ ಎಣಿಸಿದಳು:
ಮೂವತ್ತೆಂಟರಲ್ಲಿ ಮೂವತ್ತಾರು ಸುರಿಯುತ್ತಿದ್ದವು.
ನೂರಕ್ಕೆ ತೊಂಬತ್ತೈದು!
ನಾವು ಚಪ್ಪಾಳೆ ತಟ್ಟಿದೆವು.
ನಲವತ್ತೊಂದನೇ ಪುಟದ ಅಡಿಯಲ್ಲಿ, ಇರುವೆಯಂಥ ಅಕ್ಷರದಲ್ಲಿ,
"ರಸ್ತೆ ಮುಗಿದಲ್ಲಿ ನನ್ನ ಲೆಕ್ಕವೂ ಮುಗಿಯಿತು"
ಎಂದು ಬರೆದಿದ್ದಳು.
ದಾನಿಗಳಿಗೆ ಕಳಿಸಿದ ಸಾರಾಂಶದಲ್ಲಿ
ಅಡಿಟಿಪ್ಪಣಿಗೆ ಜಾಗವಿರಲಿಲ್ಲ.

ಹೋದ ತಿಂಗಳು ಹೆಂಡತಿಯ ಅತ್ತೆ ತೀರಿಕೊಂಡಳು, ಹಾ ಲೆಸಾಲಾದಲ್ಲಿ.
ರಸ್ತೆ ಮುಗಿದ ಮೇಲೆ ನಾಲ್ಕು ಗಂಟೆ
ಮೊಖೆಥಿಯ ಬೂದು ಕುದುರೆಯ ಮೇಲೆ,
ಕಂಬಳಿ ಹೊದ್ದು, ಕಣಿವೆ ನೋಡದೆ ಕೂತೆ.

ಅಲ್ಲಿಯೂ ನಮ್ಮ ನಲ್ಲಿ.
ಅದಕ್ಕೊಂದು ಮೇಕೆ ಕಟ್ಟಿತ್ತು.
ಫಲಕ ಫಳಫಳ; ಯಾರೋ ಬೂದಿ ಹಾಕಿ ತಿಕ್ಕಿದ್ದರು.

ಮಾಲಿನೆಯೊ ಎಂಬ ಮುದುಕಿ
ಬಾಗಿಲ ಚೌಕಟ್ಟು ತೋರಿಸಿದಳು, ಚಾಕುವಿನ ಗೀರುಗಳು.
"ನೀರು ಬಂದದ್ದು ಹದಿನೆಂಟು ದಿನ. ಗುರುತು ಹಾಕಿಟ್ಟೆ,
ಕೇಳಲು ಯಾರಾದರೂ ಬಂದಾರು ಅಂತ."
ಆಮೇಲೆ, "ನೀನು ಅದಕ್ಕೇ ಬಂದೆಯಾ?"
ಇಲ್ಲಮ್ಮ, ಹೆಣಕ್ಕೆ ಬಂದೆ,
ಎನ್ನಲಾಗಲಿಲ್ಲ.

ಉಂಡ ಮನೆಯ ಜಂತೆ ಎಣಿಸಬಾರದು, ನಿಜ.
ಹಾಗಾದರೆ ಎಣಿಸುವವರಿಗೆ ನಾವು ಅನ್ನ ಇಕ್ಕಬಾರದು.
ಬೇರೆ ಒಲೆ, ಬೇರೆ ಬೀಗ, ಬೇರೆ ಕೈ.
ಅದೂ ಮೊದಲೇ, ಅಡಿಪಾಯ ತೋಡುವ ದಿನವೇ,
ಎತ್ತು ಕೊಯ್ಯುವುದಕ್ಕೆ ಮುಂಚೆ.

ಇಳಿದು ಬಂದ ಮೇಲೆ ಮೊಖೆಥಿಗೆ ಕೇಳಿದೆ, ಎಷ್ಟು?
ಎಣಿಸಿ ತೆಗೆದುಕೊಂಡ. ನಾನು ಬೇಡಿರಲಿಲ್ಲ,
ನಶ್ಯದ ಪೊಟ್ಟಣ ಬಿಚ್ಚಿ ಅದರ ಬೆನ್ನಿನ ಮೇಲೆ
ಊರು, ತಾರೀಖು, ಮೊತ್ತ ಬರೆದು
ಹೆಬ್ಬೆಟ್ಟು ಒತ್ತಿ ಕೊಟ್ಟ.
ಕುದುರೆಯ ಹೆಸರೂ ಇತ್ತು.

ಈ ಮಾರ್ಚಿಗೆ ಸಾಲು ಹದಿನೇಳನ್ನು ನಾನೇ ಬರೆದೆ,
ತಳದಿಂದೆತ್ತಿ ಮೇಲೆ ಇಟ್ಟೆ.
ನಿನ್ನೆ ಮೇಲಿನವರ ಪ್ರಶ್ನೆ ಬಂದಿದೆ:
ಕುದುರೆ ಎರಡೇಕೆ? ಒಂದು ಸಾಲದೇ?

ಪೆನ್ಸಿಲು ಮೇಜಿನ ಮೇಲಿದೆ.
ಪಕ್ಕದಲ್ಲಿ ಪೊಟ್ಟಣದ ಕಾಗದ, ಇನ್ನೂ ನಶ್ಯದ ಘಾಟು.
ಉತ್ತರ ಬರೆಯಲು ಕೂತಾಗಲೆಲ್ಲ
ಸೀನು ಬರುತ್ತಿದೆ.